ಓದಿದ್ದನ್ನು ಬರೆದಿಡುವ, ಬರೆದಿಟ್ಟದ್ದನ್ನು ಮತ್ತೆ ತೆರೆಯುವ ಕ್ರಮ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಪುಸ್ತಕದ ಮಾತು ಬಂದಾಗಲೆಲ್ಲ ಓದುಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇಷ್ಟವಾದ ಸಾಲುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ, ಆದರೆ ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ಏನು ಮಾಡಬೇಕು?’ ಕೇಳುವವರಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆ, ಶಿಕ್ಷಕರಿದ್ದಾರೆ, ನಿವೃತ್ತರಾದ ಮೇಲೆ ತಮ್ಮ ಊರಿನ ಇತಿಹಾಸವನ್ನು ಬರೆಯಲು ಕುಳಿತವರಿದ್ದಾರೆ, ತೋಟದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಓದುವವರೂ ಇದ್ದಾರೆ. ಇವರಲ್ಲಿ ಯಾರಿಗೂ ಶ್ರದ್ಧೆಯ ಕೊರತೆಯಿಲ್ಲ. ಆದರೆ ಶ್ರಮವೆಲ್ಲ ಬರೆದಿಡುವುದಕ್ಕೇ ಮುಗಿದುಹೋಗುತ್ತದೆ, ಬರೆದದ್ದನ್ನು ತಿರುಗಿ ನೋಡುವುದಕ್ಕೆ ಉಳಿಯುವುದಿಲ್ಲ. ನನ್ನ ಮಟ್ಟಿಗೆ, ಎರಡನೆಯ ಬಾರಿ ಓದಿದಾಗ ಮಾತ್ರ ಒಂದು ಬರಹವು ಟಿಪ್ಪಣಿ ಎನಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಪುಸ್ತಕದ ಸಾಲಿನ ನಕಲು ಅಷ್ಟೆ. ಕೆಳಗಿನ ಹಂತಗಳೆಲ್ಲ ಆ ಎರಡನೆಯ ಓದನ್ನು ಸುಲಭ ಮಾಡುವುದಕ್ಕಾಗಿಯೇ ಇವೆ.

ಮೊದಲು ಬೇಕಾಗುವ ವಸ್ತುಗಳು

ಒಂದು ಪೆನ್ಸಿಲ್, ಬೆರಳಗಲ ಕತ್ತರಿಸಿದ ಕಾಗದದ ಪಟ್ಟಿಗಳು, ಹಾಗೂ ಬರೆಯುವುದಕ್ಕೆ ಒಂದು ಜಾಗ. ಆ ಜಾಗವು ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಆಗಿರಬಹುದು, ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದ್ದ 5 ಇಂಚು ಉದ್ದ 3 ಇಂಚು ಅಗಲದ ಕಾರ್ಡುಗಳಾಗಿರಬಹುದು, ಮೊಬೈಲಿನ ಟಿಪ್ಪಣಿ ಆ್ಯಪ್ ಆಗಿರಬಹುದು. ಮೂರರಲ್ಲಿ ಯಾವುದಾದರೂ ಸರಿ, ಆದರೆ ಒಂದೇ ಇರಲಿ. ಅರ್ಧ ನೋಟ್‌ಬುಕ್ಕಿನಲ್ಲಿ, ಅರ್ಧ ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಸಂದೇಶಗಳಲ್ಲಿ, ಉಳಿದದ್ದು ಪುಸ್ತಕದ ಅಂಚಿನಲ್ಲಿ ಎಂದು ಚೆದುರಿಹೋದ ಟಿಪ್ಪಣಿಯನ್ನು ಹುಡುಕುವುದಕ್ಕಿಂತ ಮೂಲ ಪುಸ್ತಕವನ್ನು ಇನ್ನೊಮ್ಮೆ ಓದುವುದೇ ಬೇಗ ಮುಗಿಯುತ್ತದೆ.

1. ಓದುವಾಗ ಗುರುತು ಮಾತ್ರ ಮಾಡಿ

ಓದನ್ನು ನಿಲ್ಲಿಸಿ ಅಲ್ಲೇ ಬರೆಯಲು ಹೋಗಬೇಡಿ. ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಎಳೆಯಿರಿ. ಗ್ರಂಥಾಲಯದ ಪುಸ್ತಕವಾದರೆ ಗೀಟೂ ಬೇಡ. ಕಾಗದದ ಪಟ್ಟಿಯನ್ನು ಪುಟದ ನಡುವೆ ಇಟ್ಟು, ಪಟ್ಟಿಯ ಮೇಲೆಯೇ ಪುಟ ಸಂಖ್ಯೆಯನ್ನು ಬರೆದುಬಿಡಿ, ಪಟ್ಟಿ ಜಾರಿ ಬಿದ್ದರೂ ಸಂಖ್ಯೆ ಉಳಿಯುತ್ತದೆ. ಅಂಟುವ ಬಣ್ಣದ ಚೀಟಿಗಳನ್ನು ಹಳೆಯ ಪುಸ್ತಕಗಳಿಗೆ ಬಳಸಬೇಡಿ, ತೆಗೆಯುವಾಗ ಒಣಗಿದ ಕಾಗದದ ಮೇಲ್ಪದರವೂ ಅವುಗಳ ಜೊತೆಗೆ ಎದ್ದುಬರುತ್ತದೆ.

2. ಎರಡು ದಿನ ಬಿಟ್ಟು ಆಯ್ಕೆ ಮಾಡಿ

ಪುಸ್ತಕ ಮುಗಿದ ಒಂದೆರಡು ದಿನಗಳ ನಂತರ ಗುರುತುಗಳನ್ನೆಲ್ಲ ಮೊದಲಿನಿಂದ ನೋಡಿ. ಓದುವ ಬಿಸಿಯಲ್ಲಿ ಮಹತ್ವದ್ದೆಂದು ತೋರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಸಾಮಾನ್ಯವೆನಿಸುತ್ತದೆ, ಅವನ್ನು ಸಂಕೋಚವಿಲ್ಲದೆ ಬಿಟ್ಟುಬಿಡಿ. ಎರಡು ವಾರ ಕಳೆಯುವಷ್ಟು ಮಾತ್ರ ತಡ ಮಾಡಬೇಡಿ, ಏಕೆಂದರೆ ಆ ಹೊತ್ತಿಗೆ ಗೀಟು ಕಾಣುತ್ತದೆ, ಏಕೆ ಎಳೆದಿರೆಂಬುದು ಮರೆತಿರುತ್ತದೆ.

3. ಬರೆಯುವಾಗ ನಾಲ್ಕು ವಿಷಯಗಳನ್ನು ತಪ್ಪಿಸಬೇಡಿ

ತಲೆಬರಹ, ಸಾಲು ಅಥವಾ ಸಾರ, ಮೂಲ, ನಿಮ್ಮ ಮಾತು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಟಿಪ್ಪಣಿ ಕುಂಟುತ್ತದೆ. ನನ್ನ ಪೆಟ್ಟಿಗೆಯಲ್ಲಿರುವ ಒಂದು ಕಾರ್ಡಿನ ಕ್ರಮವನ್ನೇ ಇಲ್ಲಿ ತೋರಿಸುತ್ತೇನೆ:

ಶಾಸನ – ಕಾಲನಿರ್ಣಯ
ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳು. 1936ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂತು. ಶಾಸನದಲ್ಲಿ ಇಸವಿ ಇಲ್ಲ, ಸುಮಾರು ಕ್ರಿ.ಶ. 450 ಎಂಬುದು ವಿದ್ವಾಂಸರ ನಿರ್ಣಯ. ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಲೇಖಕರು ಹೇಳುತ್ತಾರೆ. (ಸಾರ, ನನ್ನ ಮಾತಿನಲ್ಲಿ)
ಮೂಲ: ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ಎಷ್ಟನೆಯ ಮುದ್ರಣ, ಪುಟ.
ನನ್ನದು: ಇಸವಿಯಿಲ್ಲದ ಕಲ್ಲಿಗೆ ಕಾಲ ಹೇಳಿದ್ದು ಲಿಪಿಯಿಂದಲೇ, ಭಾಷೆಯಿಂದಲೇ? ಹುಡುಕಬೇಕು.
12 ಜೂನ್ 2012

ಈ ಕಾರ್ಡಿನಲ್ಲಿ ‘ಸಾರ, ನನ್ನ ಮಾತಿನಲ್ಲಿ’ ಎಂಬ ಸಣ್ಣ ಸೂಚನೆಯಿದೆಯಲ್ಲ, ಅದನ್ನು ಬಿಡುವುದೇ ನಾನು ಕಂಡಿರುವ ತಪ್ಪುಗಳಲ್ಲೆಲ್ಲ ದೊಡ್ಡದು. ಲೇಖಕರ ವಾಕ್ಯವನ್ನು ಅಕ್ಷರಶಃ ಇಳಿಸಿಕೊಂಡರೆ ಅದು ಉದ್ಧರಣೆ, ಅದಕ್ಕೆ ಉದ್ಧರಣ ಚಿಹ್ನೆ ಬೇಕೇ ಬೇಕು. ನಿಮ್ಮ ಮಾತಿನಲ್ಲಿ ಹೇಳಿಕೊಂಡರೆ ಅದು ಸಾರ, ಅದಕ್ಕೆ ಚಿಹ್ನೆ ಸಲ್ಲದು. ಎರಡು ವರ್ಷಗಳ ನಂತರ ಇವೆರಡೂ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಆಗ ನಿಮ್ಮ ಮಾತನ್ನು ಲೇಖಕರ ಬಾಯಿಗೆ ಹಾಕುತ್ತೀರಿ, ಇಲ್ಲವೇ ಅವರ ವಾಕ್ಯವನ್ನು ನಿಮ್ಮದೆಂದು ಅಚ್ಚು ಹಾಕಿಸುತ್ತೀರಿ. ಎರಡನೆಯದು ಕೃತಿಚೌರ್ಯ, ಮರೆತು ಮಾಡಿದರೂ ಕೃತಿಚೌರ್ಯವೇ.

ಉದ್ಧರಿಸುವಾಗ ಕಾಗುಣಿತವನ್ನು ತಿದ್ದಬೇಡಿ. ಹಳೆಯ ಪುಸ್ತಕದಲ್ಲಿ ಇಂದಿನ ರೂಢಿಗಿಂತ ಬೇರೆಯಾದ ಬರವಣಿಗೆಯಿದ್ದರೆ ಹಾಗೆಯೇ ಇಳಿಸಿಕೊಳ್ಳಿ. ಅಚ್ಚಿನ ತಪ್ಪೆಂದು ಖಚಿತವಾಗಿದ್ದರೆ ಪಕ್ಕದಲ್ಲಿ ಚೌಕ ಆವರಣ ಹಾಕಿ ‘ಹೀಗೆಯೇ ಇದೆ’ ಎಂದು ಬರೆಯಿರಿ. ನಡುವೆ ಮಾತು ಬಿಟ್ಟರೆ ಮೂರು ಚುಕ್ಕೆ ಇಡಿ. ಕಾದಂಬರಿ ಅಥವಾ ನಾಟಕವಾದರೆ ಮಾತು ಯಾವ ಪಾತ್ರದ್ದೆಂದು ಕಡ್ಡಾಯವಾಗಿ ಬರೆಯಿರಿ. ಖಳನಾಯಕನ ಮಾತನ್ನು ಲೇಖಕರ ಅಭಿಪ್ರಾಯವೆಂದು ವೇದಿಕೆಯ ಮೇಲೆ ಉಲ್ಲೇಖಿಸಿದವರನ್ನು ನಾನು ನೋಡಿದ್ದೇನೆ, ಆ ಲೇಖಕರಿಗೆ ಆಗುವ ಅನ್ಯಾಯ ಸಣ್ಣದಲ್ಲ.

ಮುದ್ರಣ ಅಥವಾ ಆವೃತ್ತಿಯನ್ನು ಬರೆಯಬೇಕೆಂದರೆ ಅನೇಕರಿಗೆ ಅತಿಯೆನಿಸುತ್ತದೆ. ನಮ್ಮ ಎರಡು ಜಿಲ್ಲೆಗಳ ಶಾಸನಗಳದ್ದೇ ಉದಾಹರಣೆ ನೋಡಿ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹಾಸನ ಜಿಲ್ಲೆಗೆ ಐದನೆಯ ಸಂಪುಟ, ಅಂದು ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರಿಗೆ ಆರನೆಯದು, ಒಳಗೆ ತಾಲ್ಲೂಕುವಾರು ಒಂದೊಂದು ಶಾಸನಕ್ಕೂ ಒಂದು ಸಂಖ್ಯೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ ಸಂಪುಟಗಳ ವಿಂಗಡಣೆಯೂ ಶಾಸನಗಳ ಸಂಖ್ಯೆಯೂ ಬದಲಾದವು. ನಾನು ಒಮ್ಮೆ ಬೇಲೂರಿನ ಶಾಸನವೊಂದರ ಸಂಖ್ಯೆಯನ್ನು ಮಾತ್ರ ಬರೆದಿಟ್ಟು, ಯಾವ ಆವೃತ್ತಿಯೆಂದು ಬರೆಯದೆ, ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆಯನ್ನು ತೆರೆದು ಬೇರೊಂದು ಶಾಸನದ ಮುಂದೆ ಅರ್ಧ ದಿನ ಕಳೆದಿದ್ದೇನೆ. ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೂ ಸಾಕು, ಪುಟ ಸಂಖ್ಯೆಗಳು ಸರಿದುಹೋಗುತ್ತವೆ. ಪುಟದ ಜೊತೆಗೆ ಅಧ್ಯಾಯವನ್ನೂ ಬರೆದಿದ್ದರೆ ಯಾವ ಮುದ್ರಣ ಸಿಕ್ಕರೂ ದಾರಿ ತಪ್ಪುವುದಿಲ್ಲ.

ನಾಲ್ಕನೆಯದಾದ ‘ನನ್ನದು’ ಎಂಬ ಭಾಗಕ್ಕೆ ಒಂದೇ ವಾಕ್ಯ ಸಾಕು: ಈ ಸಾಲನ್ನು ಏಕೆ ಇಟ್ಟುಕೊಂಡಿರಿ, ಅಥವಾ ಅದು ಎಬ್ಬಿಸಿದ ಪ್ರಶ್ನೆ ಯಾವುದು. ‘ಚೆನ್ನಾಗಿದೆ’, ‘ಮಾರ್ಮಿಕ’ ಎಂದು ಬರೆಯುವುದರಿಂದ ಪ್ರಯೋಜನವಿಲ್ಲ.

4. ಸೂಚಿಯನ್ನು ಕಾಗುಣಿತದಿಂದ ಕಟ್ಟಿ

ಸೂಚಿ ಎಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ. ಕಾರ್ಡುಗಳನ್ನು ಬಳಸುವವರು ತಲೆಬರಹದ ಅಕಾರಾದಿಯಲ್ಲಿ ಜೋಡಿಸಿಬಿಟ್ಟರೆ ಪೆಟ್ಟಿಗೆಯೇ ಸೂಚಿಯಾಗುತ್ತದೆ. ಕಷ್ಟವಿರುವುದು ನೋಟ್‌ಬುಕ್ ಬಳಸುವವರಿಗೆ, ಏಕೆಂದರೆ ಅಲ್ಲಿ ಟಿಪ್ಪಣಿಗಳು ಓದಿದ ಕ್ರಮದಲ್ಲಿ ಬರುತ್ತವೆ, ವಿಷಯದ ಕ್ರಮದಲ್ಲಿ ಅಲ್ಲ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಇದಕ್ಕೊಂದು ಉಪಾಯವನ್ನು 1686ರಲ್ಲಿ ಪ್ರಕಟಿಸಿದ್ದರು. ತಲೆಬರಹದ ಮೊದಲ ಅಕ್ಷರವನ್ನೂ ಅದರ ನಂತರ ಬರುವ ಮೊದಲ ಸ್ವರವನ್ನೂ ಹಿಡಿದು, ಆ ಜೋಡಿಯ ಮುಂದೆ ಪುಟ ಸಂಖ್ಯೆಯನ್ನು ಬರೆಯುವುದು ಅವರ ಕ್ರಮ. ಅವರು ವ್ಯಂಜನ ಸ್ವರಗಳನ್ನು ಬೇರೆಬೇರೆಯಾಗಿ ಹುಡುಕಿ ಜೋಡಿಸಬೇಕಾಗಿತ್ತು. ನಮ್ಮ ಲಿಪಿಯಲ್ಲಿ ಆ ಜೋಡಣೆ ಮೊದಲೇ ಆಗಿದೆ. ‘ಕಾಫಿ’ ಎಂಬುದರ ಮೊದಲಕ್ಷರದಲ್ಲೇ ಕಕಾರವೂ ಆಕಾರವೂ ಕೂಡಿಕೊಂಡಿವೆ. ಹೀಗಾಗಿ ಒಂದನೆಯ ತರಗತಿಯಲ್ಲಿ ಕಲಿತ ಕಾಗುಣಿತದ ಕೋಷ್ಟಕವೇ ನಮಗೆ ಸಿದ್ಧ ಸೂಚಿ.

ಮಾಡುವ ವಿಧಾನ ಹೀಗೆ. ನೋಟ್‌ಬುಕ್ಕಿನ ಎಲ್ಲ ಪುಟಗಳಿಗೂ ಮೊದಲೇ ಸಂಖ್ಯೆ ಹಾಕಿ. ಕೊನೆಯ ನಾಲ್ಕು ಪುಟಗಳನ್ನು ಸೂಚಿಗೆಂದು ಬಿಟ್ಟು, ಪುಟಕ್ಕೆ ಐದರಂತೆ ಒಟ್ಟು 20 ಅಡ್ಡಸಾಲುಗಳನ್ನು ಎಳೆಯಿರಿ. ಮೊದಲ ಸಾಲು ಸ್ವರಗಳಿಗೆ. ಉಳಿದ 19 ಸಾಲುಗಳು ಕ, ಗ, ಚ, ಜ, ಟ, ಡ, ತ, ದ, ನ, ಪ, ಬ, ಮ, ಯ, ರ, ಲ, ವ, ಶ, ಸ, ಹ ಇವುಗಳಿಗೆ. ಮಹಾಪ್ರಾಣಗಳನ್ನು ಅವುಗಳ ಅಲ್ಪಪ್ರಾಣದ ಜೊತೆಯಲ್ಲಿಯೇ ಇಡಿ, ಷಕಾರವನ್ನು ಶಕಾರದ ಜೊತೆಗೆ. ಪ್ರತಿ ಸಾಲನ್ನೂ ಐದು ಮನೆಗಳಾಗಿ ಉದ್ದಕ್ಕೆ ಸೀಳಿ: ಅ–ಆ, ಇ–ಈ, ಉ–ಊ, ಎ–ಏ–ಐ, ಒ–ಓ–ಔ. ಋಕಾರ ಬಂದರೆ ಉಕಾರದ ಮನೆಗೆ ಹಾಕಿ. 37ನೆಯ ಪುಟದಲ್ಲಿ ಮಳೆಯ ವಿಷಯ ಬರೆದಿದ್ದರೆ ಮಕಾರದ ಸಾಲಿನ ಮೊದಲ ಮನೆಯಲ್ಲಿ ‘ಮಳೆ 37’ ಎಂದು ಬರೆಯುತ್ತೀರಿ. ಮೂಡಿಗೆರೆಯ ವಿಷಯವಾದರೆ ಅದೇ ಸಾಲಿನ ಮೂರನೆಯ ಮನೆ. ಒತ್ತಕ್ಷರದಿಂದ ಆರಂಭವಾಗುವ ಹೆಸರಿಗೆ ಮೂಲಾಕ್ಷರವನ್ನು ಹಿಡಿಯಿರಿ: ಶ್ರವಣಬೆಳಗೊಳ ಶಕಾರದ ಮೊದಲ ಮನೆಗೆ ಹೋಗುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ತಲೆಬರಹದ ವಿಷಯದಲ್ಲಿ. ಒಂದೇ ವಸ್ತುವಿಗೆ ಒಮ್ಮೆ ‘ಕಾಡು’, ಇನ್ನೊಮ್ಮೆ ‘ಅರಣ್ಯ’, ಮತ್ತೊಮ್ಮೆ ‘ವನ’ ಎಂದು ಬರೆದರೆ ಸೂಚಿ ಮೂರು ಕಡೆ ಹಂಚಿಹೋಗುತ್ತದೆ. ಒಂದನ್ನು ಆರಿಸಿಕೊಂಡು, ಉಳಿದವುಗಳ ಮನೆಯಲ್ಲಿ ‘ಅರಣ್ಯ: ಕಾಡು ನೋಡಿ’ ಎಂದು ಒಂದು ಸಾಲು ಬರೆದಿಡಿ. ಸೂಚಿಯನ್ನು ಟಿಪ್ಪಣಿ ಬರೆದ ದಿನವೇ ತುಂಬಿ. ‘ನೋಟ್‌ಬುಕ್ ಮುಗಿದ ಮೇಲೆ ಒಟ್ಟಿಗೆ ಮಾಡುತ್ತೇನೆ’ ಎಂದವರಲ್ಲಿ ಮಾಡಿ ಮುಗಿಸಿದ ಒಬ್ಬರನ್ನೂ ನಾನು ಕಂಡಿಲ್ಲ.

5. ಮೊಬೈಲು, ಕಂಪ್ಯೂಟರುಗಳಲ್ಲಿ ಇಡುವವರಿಗೆ

ಯಂತ್ರವೇ ಹುಡುಕಿ ಕೊಡುತ್ತದಲ್ಲ, ಸೂಚಿ ಏಕೆ ಎಂದು ಕೇಳುತ್ತಾರೆ. ಕನ್ನಡದಲ್ಲಿ ಹುಡುಕುವುದಕ್ಕೆ ಕೆಲವು ಸೂಕ್ಷ್ಮಗಳಿವೆ. ನಮ್ಮ ಪದಗಳು ವಿಭಕ್ತಿ ಸೇರಿದೊಡನೆ ರೂಪ ಬದಲಿಸುತ್ತವೆ. ‘ಕಾಡು’ ಎಂದು ಹುಡುಕಿದರೆ ‘ಕಾಡಿನಲ್ಲಿ’, ‘ಕಾಡಿಗೆ’ ಸಿಗುವುದಿಲ್ಲ. ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು ‘ಕಾಡ’ ಎಂದು ಹುಡುಕಿದರೆ ಬಹುತೇಕ ಆ್ಯಪ್‌ಗಳಲ್ಲಿ ಮೂರೂ ಸಿಗುತ್ತವೆ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಡಕಾರವೂ ಅದರ ಗುಣಿತವೂ ಬೇರೆಬೇರೆ ಸಂಕೇತಗಳು. ಹಾಗೆಯೇ ‘ನೋಟ್‌ಬುಕ್’ ಎಂಬಲ್ಲಿ ಬಕಾರವು ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಅದನ್ನು ಒಮ್ಮೆ ಹಾಕಿ ಒಮ್ಮೆ ಬಿಟ್ಟು ಟೈಪ್ ಮಾಡಿದ್ದರೆ ಹುಡುಕಾಟ ತಪ್ಪುತ್ತದೆ. ಅಂಥ ಪದಗಳ ಮೊದಲ ಭಾಗವನ್ನಷ್ಟೇ ಕೊಟ್ಟು ಹುಡುಕಿ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲಿಯೇ ಇರಲಿ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ನಿಶ್ಚಿತ ಸಂಖ್ಯೆಯನ್ನು ಕೊಟ್ಟಿರುವ ವ್ಯವಸ್ಥೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹವು ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ನಿಮ್ಮಲ್ಲಿ ಅಂಥ ಹಳೆಯ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶದಿಂದ ಈಗಲೇ ಯೂನಿಕೋಡ್‌ಗೆ ತಂದುಕೊಳ್ಳಿ.

ಪುಟದ ಫೋಟೊ ತೆಗೆದು ಗೂಗಲ್ ಲೆನ್ಸ್‌ನಂತಹ ಸಾಧನದಿಂದ ಅಕ್ಷರಗಳನ್ನು ಎತ್ತಿಕೊಳ್ಳುವುದು ಈಗ ಕನ್ನಡದಲ್ಲೂ ಸಾಧ್ಯವಿದೆ. ಆದರೆ ಎತ್ತಿಕೊಂಡ ಪಠ್ಯವನ್ನು ಪುಟದೊಂದಿಗೆ ಹೋಲಿಸದೆ ಇಡಬೇಡಿ. ಪಕಾರ ಷಕಾರಗಳು, ಥಕಾರ ಧಕಾರಗಳು, ಅನುಸ್ವಾರ ಮತ್ತು ಸೊನ್ನೆ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ, ಒತ್ತಕ್ಷರಗಳು ಕಳಚಿಹೋಗುತ್ತವೆ. ಬರೀ ಫೋಟೊವನ್ನು ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದಂತೂ ಟಿಪ್ಪಣಿಯೇ ಅಲ್ಲ. ಕಿಂಡಲ್ ಸಾಧನದಲ್ಲಿ ಗುರುತಿಸಿದ ಸಾಲುಗಳು ‘ಮೈ ಕ್ಲಿಪಿಂಗ್ಸ್’ ಎಂಬ ಒಂದೇ ಕಡತದಲ್ಲಿ ಸೇರುತ್ತಾ ಹೋಗುತ್ತವೆ. ಅವುಗಳಿಂದ ಆರಿಸಿ, ‘ನನ್ನದು’ ಎಂಬ ವಾಕ್ಯವನ್ನು ಸೇರಿಸಿ, ನಿಮ್ಮ ಜಾಗಕ್ಕೆ ತರುವ ಕೆಲಸ ನಿಮ್ಮದೇ. ಎಲ್ಲದರ ಒಂದು ಪ್ರತಿಯನ್ನು ಬೇರೆ ಸಾಧನದಲ್ಲಿ ಇಡಿ.

6. ಮತ್ತೆ ತೆರೆಯುವ ದಿನವನ್ನು ಗೊತ್ತುಮಾಡಿ

ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬಿಂಗ್‌ಹೌಸ್ ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ, ಕಲಿತದ್ದರ ಮರೆವು ಆರಂಭದಲ್ಲಿ ಬಲು ವೇಗವಾಗಿದ್ದು ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ಮರುನೋಟ ಬೇಗ ಬರಬೇಕು, ನಂತರದವುಗಳ ಅಂತರ ಹಿಗ್ಗುತ್ತಾ ಹೋಗಬಹುದು. ನಾನು ಸೂಚಿಸುವ ಅಂತರ: ಒಂದು ವಾರ, ಒಂದು ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಕಾರ್ಡು ಬಳಸುವವರು ಪೆಟ್ಟಿಗೆಯ ಮುಂದೆ ‘ಈ ವಾರ’, ‘ಈ ತಿಂಗಳು’ ಎಂಬ ಎರಡು ಅಡ್ಡರಟ್ಟುಗಳನ್ನಿಟ್ಟು, ಓದಿದ ಕಾರ್ಡನ್ನು ಒಂದೊಂದೇ ಹಿಂದಕ್ಕೆ ಸರಿಸುತ್ತಾ ಕೊನೆಗೆ ಅಕಾರಾದಿಯ ಜಾಗಕ್ಕೆ ಸೇರಿಸಬಹುದು.

ವರ್ಷಕ್ಕೊಮ್ಮೆ ನೋಡುವುದರ ಬೆಲೆ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ತೋಟದ ಮನೆಯಲ್ಲಿ ಮಳೆಮಾಪಕವಿಟ್ಟು, ಬಿದ್ದ ಮಳೆಯನ್ನು ಇಂಚು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಭಾಗ) ಡೈರಿಗೆ ಏರಿಸುವ ರೂಢಿ ನಮ್ಮಲ್ಲಿದೆ. ಆ ಡೈರಿಯನ್ನು ಅವರು ಬರೆದು ಮುಚ್ಚಿಡುವುದಿಲ್ಲ. ಹೂಮಳೆಗೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆಗೆ ಕಾಯುವ ದಿನಗಳಲ್ಲಿ ಹಿಂದಿನ ವರ್ಷಗಳ ಡೈರಿಗಳು ಒಂದೊಂದಾಗಿ ಹೊರಬರುತ್ತವೆ: ಹೋದ ವರ್ಷ ಈ ಹೊತ್ತಿಗೆ ಎಷ್ಟು ಬಿದ್ದಿತ್ತು, ಎಷ್ಟು ದಿನಕ್ಕೆ ಹೂವಾಯಿತು, ಆಮೇಲಿನ ಮಳೆ ಯಾವಾಗ ಬಂತು. ಓದಿನ ಟಿಪ್ಪಣಿಯನ್ನೂ ಹಾಗೆಯೇ ಋತುವಿಗೆ ಕಟ್ಟಿ. ಹಳೆಯ ಜೂನ್ ತಿಂಗಳ ಟಿಪ್ಪಣಿಗಳನ್ನೆಲ್ಲ ಈ ಜೂನ್‌ನಲ್ಲಿ ತೆರೆಯಿರಿ. ಮೇಲಿನ ಕಾರ್ಡಿನಲ್ಲಿರುವಂತೆ ಪ್ರತಿ ಟಿಪ್ಪಣಿಗೂ ದಿನಾಂಕ ಬೇಕಾಗುವುದು ಇದಕ್ಕೇ.

ಮರುಓದಿನಲ್ಲಿ ಸುಮ್ಮನೆ ಕಣ್ಣಾಡಿಸಬೇಡಿ. ಮೊದಲು ತಲೆಬರಹವನ್ನಷ್ಟೇ ನೋಡಿ, ಒಳಗೇನಿದೆ ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಉಳಿದದ್ದನ್ನು ಓದಿ. ಹೊಸದೇನಾದರೂ ತಿಳಿದಿದ್ದರೆ ಹಳೆಯದನ್ನು ಅಳಿಸದೆ ಕೆಳಗೆ ದಿನಾಂಕದೊಂದಿಗೆ ಸೇರಿಸಿ. ಮೇಲೆ ತೋರಿಸಿದ ಹಲ್ಮಿಡಿಯ ಕಾರ್ಡಿಗೆ ಕೆಲವು ವರ್ಷಗಳ ನಂತರ ಕೆಳಭಾಗದಲ್ಲಿ ಇನ್ನೊಂದು ಸಾಲು ಸೇರಿದೆ: ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಸುಮಾರು ಕ್ರಿ.ಶ. 370ರದೆಂದು ಗುರುತಿಸಿದ್ದಾರೆ, ಹಾಗಿದ್ದರೆ ಅದು ಹಲ್ಮಿಡಿಗಿಂತ ಹಳೆಯದು. ಮೊದಲು ಬರೆದದ್ದನ್ನು ನಾನು ಹೊಡೆದುಹಾಕಲಿಲ್ಲ. ‘ಅತ್ಯಂತ ಹಳೆಯ ಶಾಸನವೆಂದು ಲೇಖಕರು ಹೇಳುತ್ತಾರೆ’ ಎಂದು ಬರೆದಿದ್ದರಿಂದ ಅದು ಇಂದಿಗೂ ಸುಳ್ಳಾಗಿಲ್ಲ, ಅವರು ಆಗ ಹೇಳಿದ್ದು ಅದನ್ನೇ. ಯಾರು ಹೇಳಿದರು ಎಂಬುದನ್ನು ಬಿಟ್ಟು ‘ಅತ್ಯಂತ ಹಳೆಯ ಶಾಸನ’ ಎಂದಷ್ಟೇ ಬರೆದಿದ್ದರೆ ಎರಡು ಸಾಲುಗಳು ಒಂದಕ್ಕೊಂದು ತಾಗಿ, ಯಾವುದನ್ನು ನಂಬಬೇಕೆಂದು ತಿಳಿಯದೆ ಕೂರುತ್ತಿದ್ದೆ.

7. ಮಲೆನಾಡಿನ ಮಳೆಯಿಂದ ಕಾಪಾಡಿ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಓದುಗರು ಇದನ್ನು ಬಿಡದೆ ಓದಬೇಕು. ಜೆಲ್ ಪೆನ್ನಿನ ಮತ್ತು ನೀರಿನಂಶದ ಶಾಯಿ ತೇವಕ್ಕೆ ಹರಡುತ್ತದೆ; ಪೆನ್ಸಿಲು ಮತ್ತು ಬಾಲ್‌ಪೆನ್ನಿನ ಬರಹ ನಿಲ್ಲುತ್ತದೆ. ನೋಟ್‌ಬುಕ್ಕುಗಳನ್ನು ಗೋಡೆಗೆ ಒರಗಿಸಿ ಇಡಬೇಡಿ, ಆಷಾಢ ಶ್ರಾವಣಗಳಲ್ಲಿ ಗೋಡೆಯ ತಂಪು ರಟ್ಟಿಗೆ ಇಳಿದು ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಆದರೆ ಕಾಗದ ಒಣಗಿರುವಾಗಲೇ ಒಳಗಿಡಿ. ಒದ್ದೆ ಕಾಗದವನ್ನು ಬಿಗಿಯಾಗಿ ಮುಚ್ಚಿಟ್ಟರೆ ಬೂಷ್ಟಿಗೆ ನೀವೇ ಮನೆ ಮಾಡಿಕೊಟ್ಟಂತೆ. ಮಳೆ ಬಿಟ್ಟ ಮೇಲೆ ಎಲ್ಲವನ್ನೂ ನೆರಳಿನಲ್ಲಿ ಬಿಡಿಸಿಟ್ಟು ಗಾಳಿಯಾಡಿಸಿ. ನೇರ ಬಿಸಿಲಿಗೆ ಶಾಯಿ ಮಾಸುತ್ತದೆ. ಮಣ್ಣಿನ ನೆಲದ ಮನೆಯಾದರೆ ಗೆದ್ದಲಿನಿಂದ ಉಳಿಸಲು ಡಬ್ಬಿ ನೆಲದಿಂದ ಮೇಲಿರಲಿ.

8. ಬೇರೆಡೆ ಬಳಸುವಾಗ

ನಿಮ್ಮ ಓದಿಗೆಂದು ಬರೆದಿಟ್ಟುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರಕಟಿಸುವಾಗ ಮಾತ್ರ 1957ರ ಕೃತಿಸ್ವಾಮ್ಯ ಕಾಯಿದೆಯ ನೆನಪಿರಲಿ: ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಕಾಲವಲ್ಲದೆ ಅವರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ವಿಮರ್ಶೆಯಲ್ಲಿ ಮೂಲವನ್ನು ಹೇಳಿ ಕೆಲವು ಸಾಲು ಉದ್ಧರಿಸುವುದು ಸಲ್ಲುತ್ತದೆ, ಅಧ್ಯಾಯಗಟ್ಟಲೆ ಹಾಕುವುದು ಸಲ್ಲದು. ಅಚ್ಚಿಗೆ ಕಳಿಸುವ ಮುನ್ನ ಉದ್ಧರಣೆಯನ್ನು ಮೂಲ ಪುಸ್ತಕದೊಂದಿಗೆ ಇನ್ನೊಮ್ಮೆ ಹೋಲಿಸಿ, ನಿಮ್ಮ ಕೈಬರಹದಲ್ಲೇ ಒಂದು ಪದ ಬಿಟ್ಟುಹೋಗಿರಬಹುದು.

ಈಗಾಗಲೇ ಹತ್ತಾರು ನೋಟ್‌ಬುಕ್ಕುಗಳನ್ನು ತುಂಬಿಸಿರುವವರು ಅವನ್ನೆಲ್ಲ ಹೊಸ ಕ್ರಮಕ್ಕೆ ತಿರುಗಿ ಬರೆಯಲು ಹೊರಡಬೇಡಿ, ಆ ಕೆಲಸ ಮುಗಿಯುವುದಿಲ್ಲ. ನೋಟ್‌ಬುಕ್ಕುಗಳಿಗೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಟ್ಟು, ಪುಟಗಳಿಗೆ ಸಂಖ್ಯೆ ಹಾಕಿ, ಒಂದು ಬೇರೆ ಪುಸ್ತಕದಲ್ಲಿ ಕಾಗುಣಿತದ ಸೂಚಿಯನ್ನಷ್ಟೇ ಎಳೆದುಕೊಳ್ಳಿ. ವಾರಕ್ಕೊಂದು ನೋಟ್‌ಬುಕ್ಕಿನಂತೆ ತೆರೆದು, ಈಗಲೂ ಬೇಕೆನಿಸಿದ ಟಿಪ್ಪಣಿಗಳನ್ನು ಮಾತ್ರ ‘ಮಳೆ 3/37’, ಅಂದರೆ ಮೂರನೆಯ ನೋಟ್‌ಬುಕ್ಕಿನ 37ನೆಯ ಪುಟ, ಎಂಬಂತೆ ಸೂಚಿಗೆ ಏರಿಸಿ. ಮೂಲ ಬರೆಯದೆ ಬಿಟ್ಟಿರುವ ಸಾಲುಗಳಿಗೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಆ ಪುಸ್ತಕ ಮತ್ತೆ ಕೈಗೆ ಬಂದ ದಿನ ಪುಟ ಸಂಖ್ಯೆಯನ್ನು ತುಂಬಿದರಾಯಿತು.